ಹದಿನೈದಕ್ಕೆ ಹದಿಮೂರು, ಯಾವ ಲೆಕ್ಕದಲ್ಲಿ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಸರ್ಕಾರಿ ಶಾಲೆಯಲ್ಲಿ ಮಕ್ಕಳ ಸಂತೆ ಅಂದರೆ ಅರ್ಧ ಊರು ಶಾಲೆಯ ಅಂಗಳದಲ್ಲೇ ಇರುತ್ತದೆ. ತೋಟದ ತೆಂಗಿನಕಾಯಿ, ಎಳನೀರು, ಹಿತ್ತಲ ಸೊಪ್ಪು, ನಿಂಬೆಹಣ್ಣು, ಅಮ್ಮ ಕಲಸಿಕೊಟ್ಟ ಚುರುಮುರಿ. ಗೋಣಿಚೀಲ ಹಾಸಿದಲ್ಲೆಲ್ಲ ಒಂದೊಂದು ಅಂಗಡಿ. ಏಳನೇ ತರಗತಿಯ ಹುಡುಗಿಯೊಬ್ಬಳು ಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದಾಳೆ ಎಂದುಕೊಳ್ಳೋಣ. ಕಾಯಿಗೆ 35 ರೂಪಾಯಿ. ಊರಿನ ಹೆಂಗಸೊಬ್ಬರು ಮೂರು ಕಾಯಿ ಆರಿಸಿಕೊಂಡು 200 ರೂಪಾಯಿ ನೋಟು ಚಾಚುತ್ತಾರೆ. ಹುಡುಗಿ ಒಂದು ಗಳಿಗೆ ಯೋಚಿಸಿ, "ಐದ್ ರೂಪಾಯಿ ಚಿಲ್ರೆ ಐತಾ ಅಕ್ಕ? ಕೊಟ್ರೆ ನೂರ್ ರೂಪಾಯಿ ವಾಪಸ್ ಕೊಡ್ತೀನಿ" ಅನ್ನುತ್ತಾಳೆ.

ಆ ಒಂದು ಮಾತಿನಲ್ಲಿ ಗುಣಾಕಾರ ಇದೆ, ಸಂಕಲನ ಇದೆ, ವ್ಯವಕಲನ ಇದೆ. 95 ರೂಪಾಯಿ ಎಣಿಸಿ ಕೊಡುವುದಕ್ಕಿಂತ ಒಂದೇ ನೂರರ ನೋಟು ಕೊಡುವುದು ಸಲೀಸು ಎಂಬ ಜಾಣ್ಮೆಯೂ ಇದೆ. ಪಕ್ಕದ ಗೋಣಿಚೀಲದ ಹುಡುಗ ಅವಳಷ್ಟೇ ಕಾಯಿ ಮಾರಿದ್ದಾನೆ. ಆದರೆ ಪ್ರತಿ ಸಲವೂ ಮೇಷ್ಟ್ರ ಮುಖ ನೋಡಿ, ಅವರು ಹೇಳಿದಷ್ಟು ಚಿಲ್ಲರೆ ಕೊಟ್ಟಿದ್ದಾನೆ. ಸಂಜೆ ಮೌಲ್ಯಮಾಪನದ ವಹಿಯಲ್ಲಿ ಇಬ್ಬರ ಹೆಸರಿನ ಮುಂದೆಯೂ ಚಟುವಟಿಕೆಗೆ 15ಕ್ಕೆ 13 ಎಂದು ಬಿದ್ದರೆ, ಆ ಅಂಕಕ್ಕೆ ಅರ್ಥವೇನು? ಹುಡುಗಿಗೆ ತಾನು ಮಾಡಿದ್ದು ಎಷ್ಟು ದೊಡ್ಡದೆಂದು ಗೊತ್ತಾಗಲಿಲ್ಲ. ಹುಡುಗನಿಗೆ ತಾನು ಇನ್ನೇನು ಕಲಿಯಬೇಕೆಂದು ಗೊತ್ತಾಗಲಿಲ್ಲ.

ಕಲಿಕೆಯನ್ನು ಅಳೆಯಲು ಶಾಲೆಗಳು ಬಳಸುವ ದಾರಿಗಳು ಮುಖ್ಯವಾಗಿ ಎರಡು. ಒಂದು, ನಮಗೆಲ್ಲ ಪರಿಚಯವಿರುವ ಪರೀಕ್ಷೆ: ಪ್ರಶ್ನೆಪತ್ರಿಕೆ, ಮೂರು ತಾಸು, ಉತ್ತರಪತ್ರಿಕೆ, ಅಂಕ. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಹೊತ್ತು. ಇನ್ನೊಂದು, ಮಗು ಮಾಡಿ ತೋರಿಸುವುದನ್ನು ನೋಡಿ ಅಳೆಯುವುದು. ಪ್ರಯೋಗ, ಭಾಷಣ, ಗಟ್ಟಿ ಓದು, ಸಮೀಕ್ಷೆ, ನಾಟಕ, ಮಾದರಿ ತಯಾರಿಕೆ, ಮಕ್ಕಳ ಸಂತೆ ಎಲ್ಲ ಇದಕ್ಕೆ ಸೇರುತ್ತವೆ. ಶಾಲೆಯ ಹೊರಗಿನ ಉದಾಹರಣೆ ಬೇಕೆಂದರೆ, ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯುವಕ ಯುವತಿಯರಿಗೆ ಯಂತ್ರದ ನೆರವಿನಿಂದ ತೆಂಗಿನ ಮರ ಹತ್ತುವ ಆರು ದಿನಗಳ ತರಬೇತಿ ಕೊಡುತ್ತಿದೆ. ಸುರಕ್ಷಿತವಾಗಿ ಹತ್ತುವುದು, ಸುಳಿ ಶುಚಿ ಮಾಡುವುದು, ಬಲಿತ ಕಾಯಿ ಗುರುತಿಸುವುದು, ಕೀಟ ಪತ್ತೆ ಹಚ್ಚುವುದು ಅದರ ಪಾಠಗಳು. ಇಂಥ ಕಲಿಕೆಗೆ ಸಾಕ್ಷಿ ಕಾಗದದ ಮೇಲೆ ಸಿಗುವುದಿಲ್ಲ, ಮರದ ಮೇಲೇ ಸಿಗಬೇಕು.

ಎಸ್ಸೆಸ್ಸೆಲ್ಸಿಯಲ್ಲಿ ಈ ಎರಡೂ ದಾರಿ ಒಟ್ಟಿಗಿವೆ. 2014-15ರಿಂದ ಪ್ರತಿ ವಿಷಯದ 100 ಅಂಕದಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಪ್ರಥಮ ಭಾಷೆಗೆ 125 ಅಂಕ, ಅದರಲ್ಲಿ 25 ಆಂತರಿಕ. ಹೀಗೆ 625ರಲ್ಲಿ 125 ಅಂಕ ಶಾಲೆಯ ಕೈಯಲ್ಲೇ ಇದೆ. ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳು, ಶಿಕ್ಷಕರ ಬಾಯಲ್ಲಿ ಎಫ್‌ಎ 1ರಿಂದ ಎಫ್‌ಎ 4. ಅವುಗಳಲ್ಲಿ ಕಿರುಪರೀಕ್ಷೆಯ ಜೊತೆಗೆ ಚಟುವಟಿಕೆಗೂ ಅಂಕ. ಮನೆಯಲ್ಲಿ ಚರ್ಚೆಯೆಲ್ಲ ಆ 80ರ ಬಗ್ಗೆ ನಡೆಯುತ್ತದೆ. 20ರಲ್ಲಿ ಎಷ್ಟು ಬಂತು, ಯಾಕೆ ಬಂತು ಎಂದು ಕೇಳುವ ತಂದೆತಾಯಿ ಅಪರೂಪ. ಕೇಳಿದರೂ ಹೇಳಲು ಶಾಲೆಯ ಬಳಿ ಒಂದು ಸಂಖ್ಯೆಗಿಂತ ಹೆಚ್ಚಿನದು ಇರುವುದು ಇನ್ನೂ ಅಪರೂಪ.

ಹಾಗೆಂದು ಆ 80 ಗಟ್ಟಿ ನೆಲದ ಮೇಲೆ ನಿಂತಿದೆ ಎಂದೂ ತಿಳಿಯಬೇಕಾಗಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ 1912ರಲ್ಲಿ ಒಂದು ಸರಳ ಕೆಲಸ ಮಾಡಿದರು. ಹೈಸ್ಕೂಲಿನ ಇಂಗ್ಲಿಷ್ ಉತ್ತರಪತ್ರಿಕೆಗಳ ಪ್ರತಿ ಮಾಡಿ ಹಲವು ಶಾಲೆಗಳ ಶಿಕ್ಷಕರಿಗೆ ತಿದ್ದಲು ಕಳಿಸಿದರು. 142 ಶಿಕ್ಷಕರು ತಿದ್ದಿದ ಒಂದೇ ಪತ್ರಿಕೆಗೆ 64ರಿಂದ 98ರವರೆಗೆ ಅಂಕ ಬಿದ್ದಿತ್ತು. ಭಾಷೆಯ ವಿಷಯದಲ್ಲಿ ಹೀಗಾಗುವುದು ಸಹಜ ಎಂದವರಿಗಾಗಿ ಮರುವರ್ಷ ರೇಖಾಗಣಿತದ ಪತ್ರಿಕೆ ಕಳಿಸಿದರು. ಅದರಲ್ಲಿ ಅಂತರ ಇನ್ನೂ ಹೆಚ್ಚಾಯಿತು: ಕಡಿಮೆಯೆಂದರೆ 28, ಹೆಚ್ಚೆಂದರೆ 90ರ ಮೇಲೆ. ಒಬ್ಬರು ಉತ್ತರ ಮಾತ್ರ ನೋಡಿದ್ದರು, ಇನ್ನೊಬ್ಬರು ಹಂತ ನೋಡಿದ್ದರು, ಮತ್ತೊಬ್ಬರು ಚಿತ್ರದ ಅಂದ ನೋಡಿದ್ದರು.

ನಮ್ಮ ಮೌಲ್ಯಮಾಪನ ಕೇಂದ್ರಗಳಲ್ಲಿ ಇದಕ್ಕೆ ಮದ್ದು 'ಕೀ ಉತ್ತರ'. ಪ್ರತಿ ಪ್ರಶ್ನೆಗೂ ಏನಿದ್ದರೆ ಎಷ್ಟು ಅಂಕ ಎಂದು ಬರೆದ ಹಾಳೆ. ಲೆಕ್ಕಕ್ಕೆ, ವಿಜ್ಞಾನದ ಚಿತ್ರಕ್ಕೆ, ಇಸವಿ ಕೇಳುವ ಪ್ರಶ್ನೆಗೆ ಇದು ಚೆನ್ನಾಗಿ ಒದಗುತ್ತದೆ. ತೊಡಕು ಬರುವುದು ಕನ್ನಡ ಪ್ರಬಂಧ ಬಂದಾಗ. ಪೀಠಿಕೆಗೆ ಇಷ್ಟು, ವಿಷಯ ನಿರೂಪಣೆಗೆ ಇಷ್ಟು, ಉಪಸಂಹಾರಕ್ಕೆ ಇಷ್ಟು. ಮೂರೂ ಇದ್ದರೆ ಅಂಕ ಖಚಿತ. ಮಕ್ಕಳಿಗೂ ಇದು ಗೊತ್ತು, ಗೈಡ್ ಬರೆಯುವವರಿಗೂ ಗೊತ್ತು. ಹಾಗಾಗಿ ಪರಿಸರ ಮಾಲಿನ್ಯದ ಬಗ್ಗೆ ಪ್ರಬಂಧ ಕೇಳಿದರೆ ಒಂದೇ ಪೀಠಿಕೆ ಪತ್ರಿಕೆಯಿಂದ ಪತ್ರಿಕೆಗೆ ಓಡಾಡುತ್ತದೆ. ಹಾಲ್ಕುರಿಕೆಯ ಹುಡುಗ ತನ್ನೂರ ಕೆರೆಯ ಬಗ್ಗೆ ಬರೆಯಬಹುದಿತ್ತು, ಹುಳಿಯಾರಿನ ಹುಡುಗಿ ತನ್ನ ಬೀದಿಯ ಚರಂಡಿಯ ಬಗ್ಗೆ ಬರೆಯಬಹುದಿತ್ತು. ಕೀ ಉತ್ತರ ಭಾಗ ಇದೆಯೇ ಎಂದು ನೋಡುತ್ತದೆ. ಆ ಭಾಗದಲ್ಲಿ ಮಗುವಿನ ಸ್ವಂತ ಯೋಚನೆ ಎಷ್ಟಿದೆ ಎಂದು ನೋಡುವ ಕಣ್ಣು ಅದಕ್ಕಿಲ್ಲ.

ತಿದ್ದುವವರ ಕೈಯೇ ಬೇಡವೆಂದರೆ ಒಎಂಆರ್ ಹಾಳೆ ಇದೆ. ಕೋವಿಡ್ ಕಾಲದಲ್ಲಿ, 2021ರ ಜುಲೈ 19 ಮತ್ತು 22ರಂದು, ಕರ್ನಾಟಕದ ಎಸ್ಸೆಸ್ಸೆಲ್ಸಿ ಮಕ್ಕಳು ಬಹು ಆಯ್ಕೆಯ ಪ್ರಶ್ನೆಗಳಿಗೆ ಎರಡೇ ದಿನದಲ್ಲಿ ಉತ್ತರಿಸಿದರು. ಆ ವರ್ಷದ ಸಂಕಟಕ್ಕೆ ಅದು ತಕ್ಕ ಪರಿಹಾರವೇ ಆಗಿತ್ತು. ಶೇಕಡ 99.9ರಷ್ಟು ಮಕ್ಕಳು ಪಾಸಾದರು. ಮೂರು ವರ್ಷದ ನಂತರ, 2024ರಲ್ಲಿ, ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಹಿಂದಿನ ವರ್ಷ 83.89 ಇದ್ದ ಫಲಿತಾಂಶ, ಕೃಪಾಂಕವನ್ನು ಶೇಕಡ 20ಕ್ಕೆ ಏರಿಸಿದ ಮೇಲೂ, 73.40ಕ್ಕೆ ಇಳಿಯಿತು. ಮಕ್ಕಳ ಬುದ್ಧಿ ಒಂದು ವರ್ಷದಲ್ಲಿ ಅಷ್ಟು ಏರಿಳಿಯುವುದಿಲ್ಲ. ಅಳೆಯುವ ಸಂದರ್ಭ ಬದಲಾದರೆ ಅಳತೆಯೂ ಬದಲಾಗುತ್ತದೆ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ.

ಪರೀಕ್ಷೆಯೊಂದನ್ನೇ ನಂಬಬಾರದು ಎಂಬ ಮಾತು ಹೊಸದಲ್ಲ. ವಿಶ್ವವಿದ್ಯಾಲಯ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆ ಸೂಚಿಸಬೇಕಾದರೆ ಅದು ಪರೀಕ್ಷೆಯದ್ದೇ ಆಗಿರಬೇಕು ಎಂದು 1948-49ರ ರಾಧಾಕೃಷ್ಣನ್ ಆಯೋಗ ಹೇಳಿತ್ತು. ಪ್ರೌಢಶಿಕ್ಷಣದ ಬಗ್ಗೆ 1952-53ರ ಮುದಲಿಯಾರ್ ಆಯೋಗವೂ ಶಾಲೆಯ ಒಳಗಿನ ದಾಖಲೆಗೆ ಬೆಲೆ ಕೊಡಬೇಕೆಂದಿತು. ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮ 1972ರಿಂದ 2002ರವರೆಗೆ ಇದನ್ನು ಮಾಡಿಯೇ ತೋರಿಸಿತು. ಅಲ್ಲಿ ಎಂಟನೇ ತರಗತಿಯ ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡು ಬರೆಯುತ್ತಿದ್ದರು, ಜೊತೆಗೆ ಕೈಯಾರೆ ಪ್ರಯೋಗ ಮಾಡಿ ತೋರಿಸುತ್ತಿದ್ದರು. ಕೊನೆಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು, ಅಂದರೆ ಸಿಸಿಇಯನ್ನು, ಕಾನೂನಿನ ಮಾತಾಗಿಸಿತು. ಎಂಟನೇ ತರಗತಿ ಮುಗಿಯುವವರೆಗೆ ಬೋರ್ಡ್ ಪರೀಕ್ಷೆ ಇಲ್ಲ ಎಂದಿತು. ಕರ್ನಾಟಕದಲ್ಲಿ 2023 ಮತ್ತು 2024ರಲ್ಲಿ ಐದು, ಎಂಟನೇ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆ ನಡೆಸುವ ವಿಚಾರ ಹೈಕೋರ್ಟಿನವರೆಗೂ, ಸುಪ್ರೀಂ ಕೋರ್ಟಿನವರೆಗೂ ಹೋದದ್ದು ಪೋಷಕರಿಗೆ ನೆನಪಿರಬಹುದು. ಪರೀಕ್ಷೆ ಇದೆಯಂತೆ, ಇಲ್ಲವಂತೆ ಎಂಬ ಗೊಂದಲದಲ್ಲಿ ಮಕ್ಕಳು ತಿಂಗಳು ಕಳೆದರು. ಪರೀಕ್ಷೆ ಬೇಕೋ ಬೇಡವೋ ಎಂಬ ಜಗಳದ ನಡುವೆ ಇನ್ನೊಂದು ಪ್ರಶ್ನೆ ಮರೆತೇಹೋಯಿತು: ಪರೀಕ್ಷೆಯ ಹೊರಗೆ ಮಗು ಮಾಡುವ ಕೆಲಸವನ್ನು ನಾವು ಸರಿಯಾಗಿ ನೋಡುತ್ತಿದ್ದೇವೆಯೇ?

ನೋಡುವುದು ಸಾಧ್ಯ ಎಂಬುದಕ್ಕೆ ಕರ್ನಾಟಕದಲ್ಲೇ ಸೊಗಸಾದ ಉದಾಹರಣೆ ಇದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊಳೆತ ನಲಿ-ಕಲಿ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಶಿಕ್ಷಕರು ತಮ್ಮ ಮಕ್ಕಳಿಗೆ ಹೊಂದಿಸಿಕೊಂಡು ಕಟ್ಟಿದ ಪದ್ಧತಿ ಅದು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳ ಪುಟ್ಟ ತರಗತಿಗಳಿಗೆಲ್ಲ ಹಬ್ಬಿತು. ತೆಂಗಿನ ಸೀಮೆಯ ಯಾವ ಕಿರಿಯ ಪ್ರಾಥಮಿಕ ಶಾಲೆಗೆ ಹೋದರೂ ಗೋಡೆಯ ಮೇಲೆ ಕಲಿಕಾ ಏಣಿ, ಅದರ ಮೆಟ್ಟಿಲುಗಳಿಗೆ ಹೊಂದುವ ಕಾರ್ಡುಗಳು, ನೆಲದ ಮೇಲೆ ಮಕ್ಕಳು ಸುತ್ತ ಕೂರುವ 'ತಟ್ಟೆ'ಗಳು ಕಾಣುತ್ತವೆ. ಒಂದು ತಟ್ಟೆಯಲ್ಲಿ ಮೇಡಂ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಗೆಳೆಯರು ಹೇಳಿಕೊಡುತ್ತಾರೆ, ಮತ್ತೊಂದರಲ್ಲಿ ಮಗು ತಾನೇ ಮಾಡುತ್ತದೆ. ಮೌಲ್ಯಮಾಪನದ ಕಾರ್ಡ್ ಏಣಿಯ ನಡುವೆಯೇ ಬರುತ್ತದೆ. ಅದಕ್ಕೆ ಬೇರೆ ದಿನ, ಬೇರೆ ಬೆಂಚು, ಬೇರೆ ಭಯ ಇಲ್ಲ. ಒಂದು ಮೆಟ್ಟಿಲು ದಾಟದ ಮಗು ಅಲ್ಲೇ ಇನ್ನೆರಡು ದಿನ ಕಳೆದರೆ ಯಾರೂ ಅದನ್ನು ಫೇಲು ಅನ್ನುವುದಿಲ್ಲ. ಗೋಡೆಯ ಪ್ರಗತಿ ನೋಟದಲ್ಲಿ ತಾನು ಎಲ್ಲಿದ್ದೇನೆ, ಮುಂದಿನದು ಯಾವುದು ಎಂದು ಆರು ವರ್ಷದ ಮಗುವೂ ಬೆರಳಿಟ್ಟು ತೋರಿಸಬಲ್ಲದು.

ಓದುವ ಶಕ್ತಿಯನ್ನು ಮನೆಬಾಗಿಲಲ್ಲೇ ನೋಡುವ 'ಅಸರ್' ಸಮೀಕ್ಷೆಯೂ ಇಂಥದ್ದೇ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ಈ ಸಮೀಕ್ಷೆಯಲ್ಲಿ ಮಗುವಿನ ಕೈಗೆ ಒಂದು ಹಾಳೆ ಕೊಡುತ್ತಾರೆ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ವಾಕ್ಯ, ಎರಡನೇ ತರಗತಿ ಮಟ್ಟದ ಚಿಕ್ಕ ಕಥೆ. ಮಗು ಎಲ್ಲಿಯವರೆಗೆ ಸರಾಗವಾಗಿ ಓದಬಲ್ಲದೋ ಅದೇ ಅದರ ಮಟ್ಟ. ನೂರಕ್ಕೆ ಇಷ್ಟು ಎಂಬ ಅಂಕ ಇಲ್ಲ. ಆದರೂ ಹಳ್ಳಿಯ ಅಜ್ಜಿಗೂ ಅರ್ಥವಾಗುವ ಉತ್ತರ ಸಿಗುತ್ತದೆ: ಮೊಮ್ಮಗ ಪದ ಓದುತ್ತಾನೆ, ವಾಕ್ಯದಲ್ಲಿ ತಡವರಿಸುತ್ತಾನೆ.

ಈ ಏಣಿ, ಈ ಮಟ್ಟಗಳನ್ನು ದೊಡ್ಡ ಮಕ್ಕಳ ದೊಡ್ಡ ಕೆಲಸಕ್ಕೆ ಹೊಂದಿಸಿ ಬರೆದರೆ ಅದೇ ರೂಬ್ರಿಕ್. ಒಂದು ಕೆಲಸದಲ್ಲಿ ಯಾವ ಯಾವ ಅಂಶ ನೋಡುತ್ತೇವೆ, ಪ್ರತಿ ಅಂಶದಲ್ಲೂ ಸಾಧಾರಣ ಕೆಲಸ ಹೇಗಿರುತ್ತದೆ, ಚೆನ್ನಾದ ಕೆಲಸ ಹೇಗಿರುತ್ತದೆ ಎಂದು ಮೊದಲೇ ಬರೆದಿಟ್ಟ ಪಟ್ಟಿ. ತಿಪಟೂರಿನವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ. ಬೆಂಬಲ ಬೆಲೆಯಲ್ಲಿ ನಾಫೆಡ್‌ಗೆ ಉಂಡೆ ಕೊಬ್ಬರಿ ಕೊಡುವ ಪ್ರತಿ ರೈತನಿಗೂ 'ಎಫ್‌ಎಕ್ಯೂ' ಗುಣಮಟ್ಟ ಗೊತ್ತು. ಗಾತ್ರ ಎಷ್ಟಿರಬೇಕು, ತೇವಾಂಶ ಎಷ್ಟು ಮೀರಬಾರದು, ಬೂಷ್ಟು ಹಿಡಿದದ್ದು, ಕಪ್ಪಾದದ್ದು, ಸುಕ್ಕುಗಟ್ಟಿದ್ದು ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂಬುದೆಲ್ಲ ಖರೀದಿಗೆ ಮುಂಚೆಯೇ ಪ್ರಕಟ. ಆದ್ದರಿಂದ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿದ ಕಾಯಿಯನ್ನು ಸುಲಿದು, ಗಿಟುಕು ಬಿಡಿಸಿದ ಮನೆಯವರೇ ಯಾವುದು ಖರೀದಿ ಕೇಂದ್ರಕ್ಕೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂದು ಬೇರೆ ಮಾಡಿಬಿಡುತ್ತಾರೆ. 2024ರ ಹಂಗಾಮಿನಲ್ಲಿ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆಯಿತ್ತು. ಅಷ್ಟು ಹಣದ ಸರಕಿಗೆ, ಮಾನದಂಡ ಹೇಳದೆ ಬರೀ ಕಣ್ಣಂದಾಜಿನಲ್ಲಿ ಬೆಲೆ ಕಟ್ಟಿದರೆ ಯಾವ ರೈತನೂ ಒಪ್ಪುವುದಿಲ್ಲ. ಮಗುವಿನ ಕೆಲಸಕ್ಕೆ ಮಾತ್ರ ಕಣ್ಣಂದಾಜನ್ನೇ ಒಪ್ಪಿಕೊಂಡು ಬಂದಿದ್ದೇವೆ. ಒಂದು ವ್ಯತ್ಯಾಸ ಇಲ್ಲಿ ಹೇಳಲೇಬೇಕು. ಕೊಬ್ಬರಿಯ ಮಾನದಂಡ ಇರುವುದು ಬೇಡದ್ದನ್ನು ಆರಿಸಿ ತೆಗೆಯಲು. ಮಕ್ಕಳ ಮಾನದಂಡ ಇರಬೇಕಾದದ್ದು ಪ್ರತಿ ಮಗುವಿಗೂ ಮುಂದಿನ ಹೆಜ್ಜೆ ತೋರಿಸಲು. ಶಾಲೆಯಲ್ಲಿ ವಾಪಸ್ ಕಳಿಸುವ ಗುಡ್ಡೆ ಇರುವಂತಿಲ್ಲ.

ಒಂದು ರೂಬ್ರಿಕ್ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡೋಣ. ಎಂಟನೇ ತರಗತಿಯ ವಿಜ್ಞಾನದ ಚಟುವಟಿಕೆ: ಶಾಲೆಯ ಸುತ್ತಲಿನ ತೋಟದಲ್ಲಿ ಹತ್ತು ತೆಂಗಿನ ಮರಗಳ ಆರೋಗ್ಯ ಸಮೀಕ್ಷೆ. ಈ ಸೀಮೆಯಲ್ಲಿ ಇದಕ್ಕಿಂತ ಜೀವಂತ ವಿಷಯ ಇನ್ನೊಂದಿಲ್ಲ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಮೊದಲು ಕಾಣಿಸಿಕೊಂಡ ಸುರುಳಿ ಬಿಳಿನೊಣ ಈಗ ಇಲ್ಲಿಯ ತೋಟಗಳಲ್ಲೂ ಇದೆ. ಗರಿಯ ತಳಭಾಗದಲ್ಲಿ ಬಿಳಿ ಮೇಣದಂಥ ಸುರುಳಿ, ಅದರ ಕೆಳಗಿನ ಗರಿಗಳ ಮೇಲ್ಭಾಗದಲ್ಲಿ ಮಸಿಯಂಥ ಕಪ್ಪು. ನುಸಿ ಹತ್ತಿದ ಕಾಯಿಯಲ್ಲಿ ತೊಟ್ಟಿನ ಕೆಳಗೆ ಮಾಸಲು ತ್ರಿಕೋನ, ಬರಬರುತ್ತ ಕಂದು ಬಣ್ಣಕ್ಕೆ ತಿರುಗಿ ಬಿರುಕು. ಕಾಂಡ ಸೋರುವ ಮರದ ಮೈಮೇಲೆ ಕೆಂಪು ಕಂದಿನ ರಸ. ಕಪ್ಪುತಲೆ ಹುಳು ತಿಂದ ಹಳೆಯ ಗರಿ ದೂರದಿಂದ ನೋಡಿದರೆ ಸುಟ್ಟಂತೆ. ಇವುಗಳಲ್ಲಿ ಹಲವನ್ನು ಮಕ್ಕಳು ದಿನವೂ ನೋಡಿರುತ್ತಾರೆ, ಗಮನಿಸಿರುವುದಿಲ್ಲ.

'ವೀಕ್ಷಣೆ' ಎಂಬ ಅಂಶಕ್ಕೆ 'ಸಾಧಾರಣ, ಉತ್ತಮ, ಅತ್ಯುತ್ತಮ' ಎಂದು ಮೂರು ಮನೆ ಬರೆದರೆ ಅದು ರೂಬ್ರಿಕ್ ಆಗುವುದಿಲ್ಲ. ಉತ್ತಮ ಎಂದರೇನು ಎಂಬುದು ಮೇಡಂ ಮನಸ್ಸಿನೊಳಗೇ ಉಳಿದಿರುತ್ತದೆ. ಬದಲಿಗೆ ಹೀಗೆ ಬರೆಯಬಹುದು. ಮೊದಲ ಹಂತದ ವರದಿಯಲ್ಲಿ ಹತ್ತು ಮರಗಳ ಪಟ್ಟಿ ಇದೆ, ಎಲ್ಲದರ ಮುಂದೆಯೂ 'ರೋಗ ಇದೆ' ಅಥವಾ 'ಇಲ್ಲ' ಎಂದಷ್ಟೇ ಇದೆ. ಎರಡನೇ ಹಂತದಲ್ಲಿ ಲಕ್ಷಣ ಬರೆದಿದ್ದಾರೆ, ಆದರೆ ಮರದಿಂದ ಮರಕ್ಕೆ ಅದೇ ಮಾತು. ಮೂರನೆಯದರಲ್ಲಿ ಪ್ರತಿ ಮರಕ್ಕೂ ಬೇರೆ ವಿವರ ಇದೆ: ಎಷ್ಟು ಗರಿಯಲ್ಲಿ, ಗರಿಯ ಯಾವ ಬದಿಯಲ್ಲಿ, ಯಾವ ಬಣ್ಣ ಎಂದು ಎಣಿಸಿ ಬರೆದಿದ್ದಾರೆ. ನಾಲ್ಕನೆಯದರಲ್ಲಿ ಇದಷ್ಟೂ ಇದ್ದು, ಕಾಲುವೆಯ ಪಕ್ಕದ ಮರಕ್ಕೂ ಬದುವಿನ ಮೇಲಿನ ಮರಕ್ಕೂ ಹೋಲಿಸಿ ನೋಡಿ, ತಮಗೆ ಹುಟ್ಟಿದ ಒಂದು ಪ್ರಶ್ನೆಯನ್ನೂ ಬರೆದಿದ್ದಾರೆ. ಎರಡನೇ ಹಂತದಲ್ಲಿರುವ ಹುಡುಗನಿಗೆ ಈಗ ಯಾರೂ ಏನೂ ಹೇಳಬೇಕಾಗಿಲ್ಲ. ನೋಟ್‌ಬುಕ್ ಹಿಡಿದು ಮತ್ತೆ ತೋಟಕ್ಕೆ ಹೋಗಿ ಗರಿ ಎಣಿಸಿದರೆ ಮೂರನೇ ಹಂತ.

ಹೀಗೆಯೇ ಹಿರಿಯರನ್ನು ಕೇಳಿ ತಿಳಿದ ಬಗೆಗೆ ಒಂದು ಸಾಲು, ಕೋಷ್ಟಕ ಅಥವಾ ಚಿತ್ರಕ್ಕೆ ಒಂದು ಸಾಲು, ತರಗತಿಯ ಮುಂದೆ ವಿವರಿಸಿದ್ದಕ್ಕೆ ಒಂದು ಸಾಲು. ನಾಲ್ಕು ಸಾಲಿಗಿಂತ ಹೆಚ್ಚು ಬೇಡ. ಹತ್ತು ಹನ್ನೆರಡು ಅಂಶಗಳ ಪಟ್ಟಿಯನ್ನು ನಲವತ್ತು ಮಕ್ಕಳಿಗೆ ತುಂಬಬೇಕಾದ ಶಿಕ್ಷಕಿ ಮಕ್ಕಳನ್ನು ನೋಡುವುದನ್ನು ಬಿಟ್ಟು ಪಟ್ಟಿಯನ್ನೇ ನೋಡುತ್ತಾರೆ. ಸಿಸಿಇ ಬಂದ ಹೊಸದರಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. ಯೋಜನೆಯ ಉದ್ದೇಶ ಒಳ್ಳೆಯದಿತ್ತು, ವಹಿಗಳು ವಿಪರೀತವಾದವು. ಒಬ್ಬಿಬ್ಬರೇ ಶಿಕ್ಷಕರಿರುವ ಹಳ್ಳಿ ಶಾಲೆಯಲ್ಲಿ ಪಾಠ, ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ ಎಂಬ ವಿದ್ಯಾರ್ಥಿ ದಾಖಲಾತಿ ಜಾಲತಾಣಕ್ಕೆ ಮಾಹಿತಿ ತುಂಬುವುದು ಎಲ್ಲ ಅವರದ್ದೇ. ಅಂಥವರ ಮೇಲೆ ಇನ್ನೊಂದು ನಮೂನೆ ಹೇರಿದರೆ ಅದು ತಿಂಗಳ ಕೊನೆಯ ರಾತ್ರಿ ಒಂದೇ ಸಲಕ್ಕೆ ತುಂಬಿಹೋಗುತ್ತದೆ. ತಪ್ಪು ಅವರದ್ದಲ್ಲ.

ಮಾಡಿ ತೋರಿಸುವ ಮೌಲ್ಯಮಾಪನಕ್ಕೆ ಇನ್ನೊಂದು ಅಪಾಯ ಇದೆ, ಅದು ಬಡ ಮಕ್ಕಳಿಗೆ ನೇರವಾಗಿ ತಟ್ಟುವಂಥದ್ದು. 'ಪ್ರಾಜೆಕ್ಟ್' ಅಂದ ಕೂಡಲೇ ಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಥರ್ಮಾಕೋಲ್, ಬಣ್ಣದ ಕಾಗದ, ಮೊದಲೇ ಅಚ್ಚಾದ ಚಾರ್ಟು ಖರ್ಚಾಗುತ್ತವೆ. ಕಂಪ್ಯೂಟರ್ ಅಂಗಡಿಯಲ್ಲಿ ಹತ್ತು ಪುಟ ಪ್ರಿಂಟ್ ತೆಗೆಸಿ ಫೈಲಿಗೆ ಹಾಕಿದರೆ ಮುಗಿಯಿತು. ಅಪ್ಪ ಅಮ್ಮ ಓದಿದವರಾದರೆ ಮಾದರಿ ಅವರ ಕೈಯಲ್ಲೇ ತಯಾರಾಗುತ್ತದೆ. ಬೆಳಿಗ್ಗೆ ಕೊಬ್ಬರಿ ಆರಿಸುವ ಕೆಲಸಕ್ಕೆ ಹೋದ ತಾಯಿಯ ಮಗಳು ಹಳೇ ನೋಟ್‌ಬುಕ್‌ನ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು ತರುತ್ತಾಳೆ. ಅಳೆಯುವ ಕಡ್ಡಿ ಇಲ್ಲದಿದ್ದಾಗ ಕಣ್ಣು ಹೊಳೆಯುವ ಕಡೆಗೇ ಹೋಗುತ್ತದೆ. ರೂಬ್ರಿಕ್‌ನಲ್ಲಿ ಫೈಲಿನ ಅಂದಕ್ಕೆ ಜಾಗವೇ ಇಲ್ಲದಿದ್ದರೆ, ಪೆನ್ಸಿಲಿನ ಹಾಳೆಯಲ್ಲಿ ಗರಿ ಎಣಿಸಿದ ಲೆಕ್ಕ ಇದ್ದರೆ, ಅವಳಿಗೆ ಮೂರನೇ ಹಂತ ದಕ್ಕುತ್ತದೆ. ಮುಖ್ಯ ಕೆಲಸ ತರಗತಿಯಲ್ಲೇ, ತೋಟದಲ್ಲೇ, ಶಿಕ್ಷಕರ ಕಣ್ಣೆದುರು ನಡೆಯಬೇಕೆಂಬ ನಿಯಮವೂ ಜೊತೆಗಿರಬೇಕು.

ರೂಬ್ರಿಕ್ ಇದ್ದಮಾತ್ರಕ್ಕೆ ಎಲ್ಲರ ಅಂಕ ಒಂದೇ ಆಗುತ್ತದೆಯೇ? ಇದಕ್ಕೂ ಹಳೆಯ ಪಾಠ ಇದೆ. ಅಮೆರಿಕದ ಪ್ರಿನ್ಸ್‌ಟನ್‌ನ ಇಟಿಎಸ್ ಸಂಸ್ಥೆಯಲ್ಲಿ ಪಾಲ್ ಡೀಡರಿಕ್ ಮತ್ತು ಸಂಗಡಿಗರು 300 ಪ್ರಬಂಧಗಳನ್ನು 53 ಓದುಗರಿಗೆ ಕೊಟ್ಟರು. ಅಳತೆಗೋಲು ಕೊಡದೆ, ಒಂಬತ್ತು ದರ್ಜೆಗಳಲ್ಲಿ ನಿಮಗೆ ತೋಚಿದಂತೆ ಹಂಚಿ ಎಂದರು. 1961ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಐದಕ್ಕಿಂತ ಕಡಿಮೆ ಬಗೆಯ ದರ್ಜೆ ಪಡೆದ ಒಂದೇ ಒಂದು ಪ್ರಬಂಧವೂ ಇರಲಿಲ್ಲ. ಅಂದರೆ ಪ್ರತಿ ಪ್ರಬಂಧವೂ ಕನಿಷ್ಠ ಐದು ಬೇರೆ ಬೇರೆ ದರ್ಜೆಗಳಲ್ಲಿ ಹಂಚಿಹೋಗಿತ್ತು. ಯಾಕೆ ಎಂದು ಕೆದಕಿದಾಗ ಓದುಗರು ಐದು ಪಂಗಡವಾಗಿ ಕಂಡರು. ಕೆಲವರು ವಿಚಾರಕ್ಕೆ ಮನಸೋತಿದ್ದರು, ಕೆಲವರು ಕಟ್ಟೋಣಕ್ಕೆ, ಕೆಲವರು ವ್ಯಾಕರಣ ಕಾಗುಣಿತಕ್ಕೆ, ಕೆಲವರು ಪದಗಳ ಆಯ್ಕೆಗೆ, ಇನ್ನು ಕೆಲವರು ಬರಹದ ಸೊಗಡಿಗೆ. ಯಾರೂ ಉಡಾಫೆಯಿಂದ ತಿದ್ದಿರಲಿಲ್ಲ. ಎಲ್ಲರೂ ಪ್ರಾಮಾಣಿಕವಾಗಿ ಬೇರೆ ಬೇರೆಯದನ್ನು ನೋಡುತ್ತಿದ್ದರು. ಆ ಐದು ಅಂಶಗಳನ್ನೇ ಬೇರೆ ಬೇರೆ ಸಾಲುಗಳಾಗಿ ಬರೆದು ತಿದ್ದುವ ಪದ್ಧತಿಗೆ ಬುನಾದಿ ಬಿದ್ದದ್ದು ಅಲ್ಲಿಂದ. ಪಟ್ಟಿ ಬರೆಯುವುದು ಅರ್ಧ ಕೆಲಸ. ಒಂದೇ ಕೆಲಸವನ್ನು ನಾಲ್ಕು ಜನ ಬೇರೆ ಬೇರೆ ಕೂತು ತಿದ್ದಿ, ಆಮೇಲೆ ಒಟ್ಟಿಗೆ ಕೂತು ಯಾಕೆ ವ್ಯತ್ಯಾಸ ಬಂತೆಂದು ಮಾತಾಡುವುದು ಉಳಿದರ್ಧ.

ನಮ್ಮ ಪ್ರತಿಭಾ ಕಾರಂಜಿಯಲ್ಲೂ ತೀರ್ಪುಗಾರರ ಕೈಯಲ್ಲಿ ಅಂಕದ ಹಾಳೆ ಇರುತ್ತದೆ. ಕಂಠಪಾಠದ ಉಚ್ಚಾರ, ಭಾಷಣದ ವಿಷಯ, ಕಥೆ ಹೇಳುವ ಧಾಟಿ ಎಲ್ಲಕ್ಕೂ ಸಾಲುಗಳು. ಆದರೆ ಆ ಹಾಳೆ ಮೊದಲ, ಎರಡನೇ ಬಹುಮಾನ ತೀರ್ಮಾನಿಸಿ ಮುಗಿಯುತ್ತದೆ. ಮಗುವಿನ ಕೈಗೆ ಬರುವುದಿಲ್ಲ. ವೇದಿಕೆಯಿಂದ ಇಳಿದ ಮಗುವಿಗೆ ಪ್ರಮಾಣಪತ್ರ ಸಿಗಬಹುದು, ಸಿಗದೆಯೂ ಇರಬಹುದು. 'ನಿನ್ನ ದನಿ ಹಿಂದಿನ ಸಾಲಿನವರೆಗೆ ಮುಟ್ಟಿತು, ನಡುವೆ ಕಥೆಯ ಎಳೆ ತಪ್ಪಿತು' ಎಂಬ ಮಾತು ಸಿಗುವುದಿಲ್ಲ. ಆ ಮಾತೇ ಅದಕ್ಕೆ ಹೆಚ್ಚು ಬೇಕಿತ್ತು.

ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಮಾತಿನ ಬೆಲೆ ತೋರಿಸಿತು. ಶಾಲಾ ಮಕ್ಕಳ ಒಂದು ಗುಂಪಿಗೆ ಅಂಕ ಮಾತ್ರ, ಒಂದಕ್ಕೆ ಟಿಪ್ಪಣಿ ಮಾತ್ರ, ಒಂದಕ್ಕೆ ಎರಡೂ ಕೊಟ್ಟು ನೋಡಿದರು. ಟಿಪ್ಪಣಿ ಮಾತ್ರ ಪಡೆದ ಮಕ್ಕಳ ಕೆಲಸವೂ ಸುಧಾರಿಸಿತು, ಆಸಕ್ತಿಯೂ ಉಳಿಯಿತು. ಅಂಕದ ಜೊತೆ ಟಿಪ್ಪಣಿ ಕೊಟ್ಟಾಗ ಆ ಪ್ರಯೋಜನ ಕಾಣಲಿಲ್ಲ. ಕಣ್ಣು ಮೊದಲು ಅಂಕಕ್ಕೇ ಹೋಗುತ್ತದೆ. ಆಮೇಲೆ ಪಕ್ಕದವನ ಅಂಕಕ್ಕೆ. ಹಾಗಾಗಿ ಎಫ್‌ಎ ಚಟುವಟಿಕೆಯಲ್ಲಿ ರೂಬ್ರಿಕ್ ಹಾಳೆಯನ್ನು ಮಗುವಿಗೆ ಮೊದಲು ಕೊಟ್ಟು, ಒಂದು ವಾರ ತಿದ್ದಿಕೊಳ್ಳಲು ಬಿಟ್ಟು, ಅಂಕವನ್ನು ಆಮೇಲೆ ಬರೆಯುವುದು ಖರ್ಚಿಲ್ಲದ ಸುಧಾರಣೆ.

ರೂಬ್ರಿಕ್‌ನ ಮಿತಿಯನ್ನೂ ಮರೆಯುವಂತಿಲ್ಲ. ಯಾರೂ ಊಹಿಸದ ಕೆಲಸ ಮಾಡುವ ಮಕ್ಕಳಿರುತ್ತಾರೆ. ಹತ್ತು ಮರ ನೋಡು ಎಂದರೆ ಒಂದೇ ಮರದ ಬುಡದಲ್ಲಿ ಕೂತು ಇರುವೆಗಳ ಸಾಲು ಎಲ್ಲಿಗೆ ಹೋಗುತ್ತದೆಂದು ಇಡೀ ಮಧ್ಯಾಹ್ನ ನೋಡಿದ ಹುಡುಗಿಗೆ ನಾಲ್ಕು ಸಾಲಿನ ಪಟ್ಟಿಯಲ್ಲಿ ಜಾಗ ಎಲ್ಲಿ? ಒಂದು ಖಾಲಿ ಸಾಲು ಬಿಟ್ಟಿರಬೇಕು. ಅಲ್ಲಿ ಶಿಕ್ಷಕಿ ತಾವು ಕಂಡದ್ದನ್ನು ತಮ್ಮ ಮಾತಿನಲ್ಲಿ ಬರೆಯಬೇಕು. ಎನ್‌ಸಿಇಆರ್‌ಟಿಯ ಹೊಸ ಸಮಗ್ರ ಪ್ರಗತಿ ಪತ್ರದಲ್ಲಿ ಚಿಕ್ಕ ಮಕ್ಕಳ ಹಂತಗಳಿಗೆ ತೊರೆ, ಬೆಟ್ಟ, ಆಕಾಶ ಎಂದು ಹೆಸರಿಟ್ಟಿದ್ದಾರೆ. ಹೆಸರು ಚಂದವೇ. ಆದರೆ ತೊರೆಯಿಂದ ಬೆಟ್ಟಕ್ಕೆ ಹೋಗುವ ದಾರಿ ಯಾವುದೆಂದು ಮಗುವಿಗೆ ತಿಳಿಯುವ ಕನ್ನಡದಲ್ಲಿ ಬರೆದಿರದಿದ್ದರೆ ಅದೂ ಎ, ಬಿ, ಸಿ ಇದ್ದಂತೆಯೇ.

ಮಕ್ಕಳ ಕೈಯಲ್ಲೇ ರೂಬ್ರಿಕ್ ಬರೆಸುವ ಶಿಕ್ಷಕರಿದ್ದಾರೆ. ಸಂತೆಗೆ ಎರಡು ದಿನ ಮುಂಚೆ ತರಗತಿಯಲ್ಲಿ 'ಒಳ್ಳೆ ವ್ಯಾಪಾರಿ ಹೇಗಿರಬೇಕು?' ಎಂದು ಕೇಳಿದರೆ ಸಾಕು, ಕಪ್ಪುಹಲಗೆ ತುಂಬುತ್ತದೆ. ಲೆಕ್ಕ ತಪ್ಪಬಾರದು. ತೂಕದಲ್ಲಿ ಮೋಸ ಮಾಡಬಾರದು. ತಂದ ಮಾಲಿಗೆ ಎಷ್ಟು ಬಿತ್ತು, ಎಷ್ಟಕ್ಕೆ ಮಾರಿದೆ, ಎಷ್ಟು ಉಳಿಯಿತು ಎಂದು ಬರೆದಿಡಬೇಕು. ಗಿರಾಕಿ ಚೌಕಾಸಿ ಮಾಡಿದರೆ ಸಿಡುಕಬಾರದು. ಮಕ್ಕಳು ಸಂತೆ ನೋಡಿ ಬೆಳೆದವರು, ಅವರಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ. ಶಿಕ್ಷಕರು ಅದನ್ನು ನಾಲ್ಕು ಸಾಲಿಗೆ ಇಳಿಸಿ, ಹಂತ ಹಂತವಾಗಿ ಬರೆದು ಗೋಡೆಗೆ ಅಂಟಿಸಿದರೆ ಮುಗಿಯಿತು. ಲೆಕ್ಕದ ಸಾಲಿನ ಕೊನೆಯ ಹಂತದಲ್ಲಿ 'ಚಿಲ್ಲರೆ ಸುಲಭವಾಗುವಂತೆ ತಾನೇ ಉಪಾಯ ಹುಡುಕುತ್ತಾಳೆ' ಎಂದಿದ್ದರೆ, ಐದು ರೂಪಾಯಿ ಕೇಳಿದ ಹುಡುಗಿಯ ಜಾಣ್ಮೆ ದಾಖಲಾಗುತ್ತದೆ. 'ಕೇಳಿ ತಿಳಿದು ಸರಿಯಾದ ಚಿಲ್ಲರೆ ಕೊಡುತ್ತಾನೆ' ಎಂಬ ಹಂತದಲ್ಲಿ ಅವಳ ಪಕ್ಕದವನೂ ಇರುತ್ತಾನೆ, ಮುಂದಿನ ಸಲ ಕೇಳದೆ ಕೊಡಲು ನೋಡುತ್ತಾನೆ.

ಇದನ್ನು ಶುರುಮಾಡಲು ಹೊಸ ಆದೇಶಕ್ಕೆ ಕಾಯಬೇಕಿಲ್ಲ. ಸಮೂಹ ಸಂಪನ್ಮೂಲ ವ್ಯಕ್ತಿಗಳು, ಅಂದರೆ ಸಿಆರ್‌ಪಿಗಳು, ನಡೆಸುವ ಕ್ಲಸ್ಟರ್ ಸಮಾಲೋಚನಾ ಸಭೆ ಈಗಾಗಲೇ ಇದೆ. ಹೊನ್ನವಳ್ಳಿಯೋ ನೊಣವಿನಕೆರೆಯೋ ದಂಡಿನಶಿವರವೋ, ಯಾವ ಕ್ಲಸ್ಟರ್ ಆದರೂ ಸರಿ, ಎಫ್‌ಎ 1 ಮುಗಿದ ತಿಂಗಳ ಸಭೆಗೆ ಪ್ರತಿ ಶಾಲೆಯಿಂದ ಶಿಕ್ಷಕರು ಮಕ್ಕಳ ಚಟುವಟಿಕೆಯ ಐದು ಪುಸ್ತಕ ತರಲಿ. ಹೆಸರಿನ ಮೇಲೆ ಕಾಗದ ಅಂಟಿಸಿರಲಿ. ಬೇರೆ ಶಾಲೆಯ ಪುಸ್ತಕವನ್ನು ಅದೇ ನಾಲ್ಕು ಸಾಲಿನಲ್ಲಿ ತಿದ್ದಲಿ. ಒಬ್ಬರು ಎರಡು ಕೊಟ್ಟಲ್ಲಿ ಇನ್ನೊಬ್ಬರು ನಾಲ್ಕು ಕೊಟ್ಟಿದ್ದರೆ, ಇಬ್ಬರೂ ಪುಟ ತೆರೆದು ತಾವು ನೋಡಿದ್ದೇನು ಎಂದು ಬೆರಳಿಟ್ಟು ತೋರಿಸಲಿ. ಮೊದಲ ಸಭೆಯಲ್ಲಿ ಗಲಾಟೆಯಾಗುತ್ತದೆ, ಆಗಲಿ. ಎಫ್‌ಎ 2ರ ಹೊತ್ತಿಗೆ ಪಟ್ಟಿಯ ಎರಡು ಪದ ಬದಲಾಗಿರುತ್ತವೆ, ಎಫ್‌ಎ 3ರ ಹೊತ್ತಿಗೆ ಬೇಡದ ಒಂದು ಸಾಲು ಹೋಗಿರುತ್ತದೆ.